ಎರಡನೇ ಪುಸ್ತಕ ಓದಿ ಮುಗಿಸಿದವರು ಬನ್ನಿ: ಥಿಯಾನ್ ಮಾಡಿದ್ದು ದ್ರೋಹವಾ?

ನೀರ್ಚಾಲು ನೆರಳು
ಮಳೆ ಹಿಡಿದು ಕೂತಿದೆ, ಅಡಿಕೆಗೆ ಮದ್ದು ಬಿಡುವವರು ಈ ವಾರ ಬರುವ ಹಾಗೆ ಕಾಣುವುದಿಲ್ಲ. ಆ ಪುರುಸೊತ್ತಿನಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಕ್ಲ್ಯಾಶ್ ಆಫ್ ಕಿಂಗ್ಸ್’ ಮುಗಿಸಿದೆ. ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್ ಆಯಿತಲ್ಲ, ಆ ಕಾದಂಬರಿ ಸಾಲಿನ ಎರಡನೆಯದು. 1998ರ ಪುಸ್ತಕ, ನನ್ನ ಕೈಗೆ ಬಂದದ್ದು ಈಗ. ಓದಿದವರ ಹತ್ತಿರ ಒಂದು ತಕರಾರು ಬಗೆಹರಿಸಿಕೊಳ್ಳಲಿಕ್ಕುಂಟು.

ಮೊದಲನೇ ಪುಸ್ತಕದಲ್ಲಿ ಮರ್ಯಾದೆ, ನಿಷ್ಠೆ ಎಲ್ಲ ಸಲೀಸು. ವಿಂಟರ್‌ಫೆಲ್ ಕೋಟೆಯ ದೊರೆ ನೆಡ್ ಸ್ಟಾರ್ಕ್ ನೆಟ್ಟಗಿನ ಮನುಷ್ಯ, ರಾಜಧಾನಿಯವರು ಸೊಟ್ಟ, ನೆಟ್ಟಗಿನವನ ತಲೆ ಹೋಯಿತು. ಯಾರ ಪಕ್ಷ ಹಿಡಿಯಬೇಕೆಂದು ಓದುವವನಿಗೆ ಗೊಂದಲವೇ ಇಲ್ಲ. ಎರಡನೆಯದರಲ್ಲಿ ಐದು ಜನ ನಾನೇ ರಾಜ ಅಂತ ಹೊರಟಿದ್ದಾರೆ: ಜಾಫ್ರಿ, ಸ್ಟ್ಯಾನಿಸ್, ರೆನ್ಲಿ, ನೆಡ್‌ನ ಮಗ ರಾಬ್, ದ್ವೀಪಗಳ ದೊರೆ ಬೇಲನ್ ಗ್ರೇಜಾಯ್. ಪ್ರತಿಯೊಬ್ಬನಿಗೂ ಆಣೆ ಹಾಕಿದವರಿದ್ದಾರೆ. ಒಬ್ಬನಿಗೆ ನಿಷ್ಠನಾದವ ಉಳಿದ ನಾಲ್ವರಿಗೆ ದ್ರೋಹಿ.

ನನಗೆ ತಲೆ ಕೆಟ್ಟದ್ದು ಥಿಯಾನ್ ವಿಷಯದಲ್ಲಿ. ಅಪ್ಪ ಬೇಲನ್ ದಂಗೆ ಎದ್ದು ಸೋತಾಗ ಹುಡುಗನನ್ನು ಒತ್ತೆಯಾಗಿ ವಿಂಟರ್‌ಫೆಲ್‌ಗೆ ಒಯ್ದರು. ಹತ್ತು ವರ್ಷ ಅಲ್ಲೇ ಬೆಳೆದ. ಸ್ಟಾರ್ಕ್ ಮಕ್ಕಳ ಜೊತೆ ಬಿಲ್ಲು ಹಿಡಿದ, ಊಟ ಮಾಡಿದ. ರಾಬ್ ಅವನನ್ನು ನಂಬಿ, ನಿಮಗೂ ಕಿರೀಟ ಕೊಡಿಸುತ್ತೇನೆ ಅಂತ ಪತ್ರ ಕೊಟ್ಟು ಅಪ್ಪನ ಹತ್ತಿರ ಕಳಿಸಿದ. ಅಪ್ಪ ಪತ್ರವನ್ನು ಬೆಂಕಿಗೆ ಹಾಕಿದ. ಮಗನ ಕತ್ತಿನ ಸರ ನೋಡಿ, ಇದನ್ನು ದುಡ್ಡು ಕೊಟ್ಟು ತಂದೆಯಾ, ಕತ್ತಿ ಹಿಡಿದು ಗೆದ್ದು ತಂದೆಯಾ ಅಂತ ಕೇಳಿ ಕಿತ್ತೇ ತೆಗೆದ. ಆಮೇಲೆ ಥಿಯಾನ್ ಹೋಗಿ ತಾನು ಬೆಳೆದ ಮನೆಯನ್ನೇ ಹಿಡಿದ.

ನನ್ನ ತಂಗಿ ಹೇಳುವುದು, ಉಂಡ ಮನೆಗೆ ಎರಡು ಬಗೆದವ, ಮಾತೇ ಬೇಡ. ನಾನು ಹೇಳುವುದು, ಅವನು ಉಂಡದ್ದು ನೆಂಟನಾಗಿ ಅಲ್ಲ, ಒತ್ತೆಯಾಗಿ. ಅಪ್ಪ ಇನ್ನೊಮ್ಮೆ ತಲೆ ಎತ್ತಿದ್ದರೆ ಅನ್ನ ಹಾಕಿದ ಅದೇ ನೆಡ್ ಇವನ ತಲೆ ತೆಗೆಯಬೇಕಿತ್ತು. ಅಂಥ ಮನೆಯದ್ದು ಎಂಥ ಋಣ?

ಮೂರನೆಯದ್ದು ಇನ್ನೂ ತೆರೆದಿಲ್ಲ. ಮುಂದಿನ ಕತೆ ಯಾರೂ ಬಾಯಿ ಬಿಡಬೇಡಿ, ದಮ್ಮಯ್ಯ.

ಮಧೂರು ಅಪ್ಪ
ದ್ರೋಹಿ. ಇದಕ್ಕೆ ಚರ್ಚೆ ಎಂತಕ್ಕೆ ಮಾರಾಯ್ರೆ? ನಿಮ್ಮ ತಂಗಿ ಸರಿ.

ಜತ್ತದ ಜ್ವಾಳ
ಅಲ್ರೀ ಅಪ್ಪನವರ, ಒಂದ್ ಮಾತಿನ್ಯಾಗ ಮುಗಿಸಿದ್ರ ಹೆಂಗ? ಅಂವಾ ಹುಟ್ಟಿದ್ದು ಒಂದ್ ಮನ್ಯಾಗ, ಬೆಳದದ್ದು ಒಂದ್ ಮನ್ಯಾಗ. ಇತ್ಲಾಗ ಹ್ವಾದ್ರ ಅವರಿಗೆ ದ್ರೋಹ, ಅತ್ಲಾಗ ಹ್ವಾದ್ರ ಇವರಿಗೆ ದ್ರೋಹ. ಇಬ್ರೂ ಅವನ್ನ ತಮ್ಮಾಂವ ಅಂತ ಒಪ್ಪಿಲ್ಲ. ವಿಂಟರ್‌ಫೆಲ್‌ದಾಗ ಅಂವಾ ದ್ವೀಪದಾಂವ, ದ್ವೀಪಕ್ಕ ಹ್ವಾದ್ರ ಸ್ಟಾರ್ಕ್ ಮನಿಯಾಂವ. ಬಂದರದಾಗ ಇಳದಾಗ ಯಾರೂ ಗುರ್ತಾ ಸುದ್ದಾ ಹಿಡಿಯೂದಿಲ್ಲ ನೋಡ್ರಿ. ನನಗ ಆ ಅಧ್ಯಾಯ ಓದಿ ಹೊಟ್ಟಿ ಒಳಗ ಕಲಸಿದಂಗ ಆತು.

ಹೊಸೂರು ಬಸ್ಸು
ಪಾಪ ಅನ್ನಿಸೋದು ಬೇರೆ, ಸರಿ ಅನ್ನೋದು ಬೇರೆ ಗುರು.

ಪೆರ್ಲದ ಮೇಷ್ಟ್ರು
ನಿವೃತ್ತನಾದ ಮೇಲೆ ಮೊಮ್ಮಗ ಈ ಪುಸ್ತಕ ಹಚ್ಚಿಸಿದ. ಇಂಗ್ಲಿಷು ನಿಧಾನ, ಆದರೆ ಕತೆಯ ಹಿಡಿತ ನಮಗೆ ಹೊಸತೇನಲ್ಲ. ನಮ್ಮ ತಾಳಮದ್ದಳೆಯಲ್ಲಿ ಇದನ್ನೇ ತಾನೇ ಇಡೀ ರಾತ್ರಿ ಮಾತಾಡುವುದು?

ಕರ್ಣನನ್ನು ತೆಗೆದುಕೊಳ್ಳಿ. ಕೃಷ್ಣ ಬಂದು, ನೀನು ಕುಂತಿಯ ಹಿರಿಯ ಮಗ, ಈ ಕಡೆ ಬಾ, ಸಿಂಹಾಸನ ನಿನ್ನದು ಅನ್ನುತ್ತಾನೆ. ಕರ್ಣ ಒಲ್ಲೆ ಅಂದ. ಹುಟ್ಟಿದ ಮನೆ ಕರೆದರೂ ಅನ್ನ ಹಾಕಿದ ಮನೆ ಬಿಡಲಿಲ್ಲ. ಥಿಯಾನ್ ಅನ್ನ ಹಾಕಿದ ಮನೆ ಬಿಟ್ಟು ಹುಟ್ಟಿದ ಮನೆಗೆ ಹೋದ. ಕಣ್ಣಿಗೆ ಕಾಣುವುದು ಇಷ್ಟು. ಆದರೆ ಅರ್ಥಧಾರಿ ಇಲ್ಲಿಗೆ ನಿಲ್ಲಿಸಿದರೆ ಸಭೆಯವರು ಎದ್ದು ಹೋಗುತ್ತಾರೆ. ಸುಯೋಧನ ಕರ್ಣನಿಗೆ ಅಂಗರಾಜ್ಯ ಕೊಟ್ಟದ್ದು ಯಾವಾಗ? ತುಂಬಿದ ಸಭೆಯಲ್ಲಿ ಕುಲ ಯಾವುದು ಅಂತ ಕೇಳಿ ತಲೆ ತಗ್ಗಿಸಿದಾಗ. ಕೈ ಹಿಡಿದು ಎತ್ತಿದ. ಥಿಯಾನ್‌ಗೆ ಹಾಗೆ ಎತ್ತಿದವರು ಯಾರು? ನೆಡ್ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಹತ್ತಿರಕ್ಕೂ ಸೇರಿಸಲಿಲ್ಲ.

ಕುಂಭಕರ್ಣ ಅಣ್ಣ ಮಾಡಿದ್ದು ತಪ್ಪು ಅಂತ ಮುಖಕ್ಕೇ ಹೇಳಿ, ಅಣ್ಣನಿಗಾಗಿಯೇ ಸತ್ತ. ವಿಭೀಷಣ ತಪ್ಪು ಅಂತ ಹೇಳಿ ಎದುರು ಪಕ್ಷಕ್ಕೆ ಹೋದ. ವಿದುರ ಬಿಲ್ಲು ಮುರಿದಿಟ್ಟು ಯಾರ ಪಕ್ಷಕ್ಕೂ ಯುದ್ಧ ಮಾಡಲಿಲ್ಲ. ಮೂವರಿಗೂ ಅರ್ಥ ಹೇಳುವವರಿದ್ದಾರೆ, ಮೂವರೂ ಗೆಲ್ಲುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಎದುರಿನ ರಾಮ ಬೆವರಬೇಕಿತ್ತು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಥಿಯಾನ್‌ಗೂ ಅರ್ಥ ಹೇಳಬಹುದು. ಹೇಳುವವನಿಗೆ ತಾಕತ್ತು ಬೇಕು.

ಮಧೂರು ಅಪ್ಪ
ಮೇಷ್ಟ್ರೇ, ಕರ್ಣ ಬದಿ ಬದಲಿಸಲಿಲ್ಲ ಅಂತ ಇಟ್ಟುಕೊಳ್ಳಿ, ವಿಭೀಷಣ ಬದಲಿಸಿದ ಅಂತಲೂ ಇಟ್ಟುಕೊಳ್ಳಿ. ಇವರಲ್ಲಿ ಯಾರಾದರೂ ಗಿರಣಿಯವನ ಇಬ್ಬರು ಚಿಕ್ಕ ಮಕ್ಕಳನ್ನು ಕೊಂದು, ಇವರೇ ರಾಜಕುಮಾರರು ಅಂತ ತಲೆಗಳಿಗೆ ಡಾಂಬರು ಬಳಿದು ಕೋಟೆಯ ಮೇಲೆ ನಿಲ್ಲಿಸಿದ್ದಾರಾ? ನನಗೆ ಅವನು ಪಕ್ಷ ಬದಲಿಸಿದ್ದು ವಿಷಯವೇ ಅಲ್ಲ. ನೆಡ್‌ನ ಮಗ ಬ್ರಾನ್ ತಪ್ಪಿಸಿಕೊಂಡ ಅಂತ ಜನ ನಗಬಾರದು, ಅಷ್ಟಕ್ಕೇ ಮಾಡಿದ್ದು ಅದು.

ನೀರ್ಚಾಲು ನೆರಳು
ಅದನ್ನು ನಾನೆಲ್ಲಿ ಸರಿ ಅಂದೆ? ಕೊಲೆ ಕೊಲೆಯೇ. ನಾನು ಕೇಳಿದ್ದು ದ್ರೋಹದ ಬಗ್ಗೆ. ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ.

ಆದೋನಿ ಹತ್ತಿ
ಎರಡೂ ಒಂದೇ ಅಲ್ವೇನಪ್ಪಾ? ಅಪ್ಪನ ಮುಂದೆ ಗಂಡಸು ಅಂತ ತೋರಿಸ್ಕೊಳ್ಳೋಕೆ ಕೋಟೆ ಹಿಡಿದ, ಹಿಡಿದ ಕೋಟೆ ಉಳಿಸ್ಕೊಳ್ಳೋಕೆ ಮಕ್ಕಳನ್ನ ಕೊಂದ. ಮೊದಲ ಹೆಜ್ಜೆ ಇಟ್ಟಮೇಲೆ ಎರಡನೇದು ತಾನಾಗೇ ಬಂತು. ಸ್ಟಾರ್ಕ್ ಕಡೆಯ ರಾಡ್ರಿಕ್ ದಂಡು ತಗೊಂಡು ಬಂದಾಗ ಅವನ ಮಗಳ ಕೊರಳಿಗೆ ಹಗ್ಗ ಹಾಕಿ ನಿಲ್ಲಿಸ್ತಾನಲ್ಲ, ಅದು ಮೂರನೇದು.

ಚಂದ್ರಗಿರಿ ತೆಂಕು
ಎಲ್ಲರೂ ಥಿಯಾನ್ ಅಂತ ಕೂತಿದ್ದೀರಿ. ನನಗೆ ಆ ಭಾಗದಲ್ಲಿ ಇಷ್ಟವಾದದ್ದು ವಿಂಟರ್‌ಫೆಲ್‌ನ ಮೇಸ್ಟರ್, ಅಂದರೆ ಕೋಟೆಯ ಪಂಡಿತ, ಮುದುಕ ಲುವಿನ್. ಅವನು ಸ್ಟಾರ್ಕ್ ಮಕ್ಕಳಿಗೆ ಪಾಠ ಹೇಳಿದವ, ಎಲ್ಲರ ಹೆರಿಗೆ ಮಾಡಿಸಿದವ. ಆದರೂ ಥಿಯಾನ್ ಕೋಟೆ ಹಿಡಿದ ಮೇಲೆ ಅವನಿಗೂ ಬುದ್ಧಿ ಹೇಳುತ್ತಾನೆ, ಅವನ ಓಲೆ ಬರೆಯುತ್ತಾನೆ. ಯಾಕೆ ಅಂದರೆ ಮೇಸ್ಟರ್‌ಗಳು ಸೇವೆ ಮಾಡುವುದು ಕೋಟೆಗೆ, ಕೋಟೆಯಲ್ಲಿ ಕೂತ ದೊರೆ ಯಾರಾದರೂ ಆಗಲಿ.

ನಮ್ಮ ಅಜ್ಜ ಶಾನುಭಾಗಿಕೆ ಮಾಡಿದವರು. 1956ರ ಅಕ್ಟೋಬರ್ 31ರ ರಾತ್ರಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದರು, ನವೆಂಬರ್ 1ಕ್ಕೆ ಕೇರಳದಲ್ಲಿ ಎದ್ದರು. ಕಡತ ಅದೇ, ಗದ್ದೆ ಅದೇ, ಕಂದಾಯ ಕೊಡುವವರೂ ಅವರೇ. ಅವರಿಗೆ ಬೇಸರ ಇತ್ತು, ಸಭೆಗೂ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಲೆಕ್ಕ ಬರೆಯಲು ಕೂತುಕೊಳ್ಳುತ್ತಿದ್ದರು. ಬೇಸರಕ್ಕೆ ಲೆಕ್ಕ ತಪ್ಪಿಸಿದರೆ ಯಾರ ಗದ್ದೆ ಹೋಗುತ್ತದೆ, ನಮ್ಮವರದ್ದೇ ಅಲ್ಲವಾ ಅನ್ನುತ್ತಿದ್ದರಂತೆ. ಲುವಿನ್ ಓದುವಾಗ ಅಜ್ಜನದ್ದೇ ನೆನಪು.

ಹೊಸೂರು ಬಸ್ಸು
ಇದನ್ನ ನಿಷ್ಠೆ ಅಂತ ಕರೆಯೋಕೆ ನಂಗೆ ಮನಸ್ಸಿಲ್ಲ. ಯಾರು ಬಂದ್ರೂ ಸಲಾಂ ಅನ್ನೋದು ನಿಷ್ಠೆ ಆದ್ರೆ ರಾಜಧಾನಿಯ ಮೇಸ್ಟರ್ ಪೈಸೆಲ್ ಕೂಡ ನಿಷ್ಠಾವಂತನೇ.

ಚಂದ್ರಗಿರಿ ತೆಂಕು
ಪೈಸೆಲ್ ಕೋಟೆಗಲ್ಲ, ರಾಣಿಯ ತವರು ಲ್ಯಾನಿಸ್ಟರ್ ಮನೆಗೆ ಕೆಲಸ ಮಾಡಿದವ. ಹೊರಗೆ ಕೊರಳಿಗೆ ಸರಪಳಿ, ಒಳಗೆ ಗುಟ್ಟಾಗಿ ಒಂದೇ ಮನೆಯ ಚಾಕರಿ. ಲುವಿನ್ ಥಿಯಾನ್‌ನ ಮುಖಕ್ಕೇ ಹೇಳಿದ, ನಿನ್ನಿಂದ ಈ ಕೋಟೆ ಉಳಿಸಲು ಆಗದು, ಉತ್ತರದ ಗಡಿಯಲ್ಲಿ ಗೋಡೆಯ ಕಾವಲಿಗೆ ಸೇರಿ ಜೀವ ಉಳಿಸಿಕೋ ಅಂತ. ಸಲಾಂ ಹೊಡೆಯುವವ ಹೀಗೆ ಹೇಳುತ್ತಾನಾ? ಸರಿಯಾಗಿ ಓದಿ ಬಸ್ಸಣ್ಣ.

ತಾಳವಾಡಿ ರಾಗಿ
ನಾನಿನ್ನೂ ಅರ್ಧದಲ್ಲಿವ್ನಿ ಕನಾ. ಒಂದು ಕೇಳ್ತೀನಿ, ಡ್ರ್ಯಾಗನ್ ಎಲ್ಲೋದ್ವು? ಮೊದಲ ಪುಸ್ತಕದ ಕೊನೇಲಿ ಹುಟ್ಟುದ್ವು, ಈಗ ಕಾಣ್ತಾನೇ ಇಲ್ವಲ್ಲ.

ಆದೋನಿ ಹತ್ತಿ
ಡ್ರ್ಯಾಗನ್ ಸಾಕೋ ಡೆನೇರಿಸ್‌ಗೆ ಇರೋದೇ 5 ಅಧ್ಯಾಯ. ರಾಣಿಯ ತಮ್ಮ ಟಿರಿಯನ್‌ಗೆ 15. ಅವಳು ಈ ಪುಸ್ತಕದಲ್ಲಿ ಹಡಗು ಹುಡುಕ್ತಾ ಊರೂರು ತಿರುಗ್ತಾಳೆ ಅಷ್ಟೆ. ಹಾರಿಸಿ ಓದಬೇಡಿ ಆದ್ರೆ, ಮಾಂತ್ರಿಕರ ಮನೆ ಅಧ್ಯಾಯ ಒಂದು ಚೆನ್ನಾಗಿದೆ.

ಟಿರಿಯನ್ ಅಂದಮೇಲೆ ನೆನಪಾಯ್ತು. ರಾಣಿಗೆ ಗುಟ್ಟು ಮುಟ್ಟಿಸೋನು ಯಾರು ಅಂತ ತಿಳ್ಕೊಳ್ಳೋಕೆ ಆಸ್ಥಾನದ ಮೂರು ಜನಕ್ಕೆ ಮೂರು ಥರ ಹೇಳ್ತಾನೆ. ರಾಜಕುಮಾರಿ ಮದುವೆ ಡೋರ್ನ್‌ಗೆ ಅಂತ ಪೈಸೆಲ್‌ಗೆ, ಕಣಿವೆಯ ಹುಡುಗನಿಗೆ ಅಂತ ಲಿಟಲ್‌ಫಿಂಗರ್‌ಗೆ, ಅವಳ ತಮ್ಮನನ್ನ ಡೋರ್ನ್‌ಗೆ ಕಳಿಸ್ತೀನಿ ಅಂತ ವೇರಿಸ್‌ಗೆ. ರಾಣಿ ಬಂದು ಮಗಳನ್ನ ಡೋರ್ನ್‌ಗೆ ಕಳಿಸ್ತೀಯಾ ಅಂತ ಕೂಗಾಡಿದ ಕೂಡಲೇ ಸಿಕ್ಕಿಬಿದ್ದ ಮುದುಕ.

ನಮ್ಮೂರ ಕಡೆ ಒಂದು ಸಹಕಾರ ಸಂಘದ ಚುನಾವಣೆಯಲ್ಲಿ ನಮ್ಮ ಮಾವ ಇದನ್ನೇ ಮಾಡಿದ್ರು. ಈ ಪುಸ್ತಕದ ಹೆಸರೂ ಕೇಳಿದವರಲ್ಲ. ನಾಮಪತ್ರ ಹಾಕೋದು ಇವರು ಅಂತ ಒಬ್ಬನಿಗೆ ಒಂದು ಹೆಸರು, ಇನ್ನೊಬ್ಬನಿಗೆ ಇನ್ನೊಂದು. ಸಂಜೆಯೊಳಗೆ ಎದುರು ಪಾರ್ಟಿಯವರು ಯಾವ ಮನೆಗೆ ಹೋಗಿ ಕೈಕಾಲು ಹಿಡೀತಾರೆ ಅಂತ ಟೀ ಅಂಗಡಿ ಬೆಂಚಿನ ಮೇಲೆ ಕೂತು ನೋಡ್ತಿದ್ರು. ಗುಟ್ಟು ಬಿಟ್ಟೋನು ಸ್ವಂತ ಷಡ್ಕ ಅಂತ ಗೊತ್ತಾದಾಗ ಮಾತ್ರ ಮಾವನ ಮುಖ ನೋಡೋ ಹಾಗಿರಲಿಲ್ಲ. ಚುನಾವಣೆ ಗೆದ್ರು. ಷಡ್ಕನ ಮನೆ ಹಬ್ಬಕ್ಕೆ ಹೋಗೋದು ನಿಂತಿತು.

ಹೊಸೂರು ಬಸ್ಸು
ಮಾವನಿಗೇ ಒಂದು ಪುಸ್ತಕ ಬರಿಯೋಕೆ ಹೇಳಿ.

ಮಂಜೇಶ್ವರ ಲೋಕಲ್
ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಥಿಯಾನ್ ಅಂದರೆ ನಾವೇ. ಕಾಸರಗೋಡಿನ ಕನ್ನಡಿಗ. ಹುಟ್ಟಿದ ಮನೆ ಒಂದು, ಬೆಳೆಯುವ ಮನೆ ಒಂದು. ಮಂಗಳೂರಿಗೆ ಹೋದರೆ ಕೇರಳದವ, ತಿರುವನಂತಪುರಕ್ಕೆ ಹೋದರೆ ಕರ್ನಾಟಕದವ.

ಚಂದ್ರಗಿರಿ ತೆಂಕು
ಇದು ಬೇಡ. ನಾವು ಯಾರ ಒತ್ತೆಯಾಳೂ ಅಲ್ಲ, ಯಾರ ಮನೆಯನ್ನೂ ಹಿಡಿದಿಲ್ಲ. ನಮ್ಮ ನೆಲದಲ್ಲಿ ನಾವಿದ್ದೇವೆ, ಗೆರೆ ಮಾತ್ರ ಆಚೀಚೆ ಆಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಬರೆಯಿತು, ಅದು ಕಾಗದದಲ್ಲೇ ಉಳಿಯಿತು. ನನ್ನ ಮನೆ ಹೊಳೆಯ ದಕ್ಷಿಣಕ್ಕೆ. ಅಂದರೆ ಆ ವರದಿ ಜಾರಿಯಾದರೂ ನಾನು ಇಲ್ಲೇ. ನಾನು ಯಾರಿಗೆ ದ್ರೋಹ ಮಾಡಲಿ, ಹೇಳಿ?

ಜತ್ತದ ಜ್ವಾಳ
ಲೋಕಲ್ ಅವರ ಮಾತಿನ್ಯಾಗ ಖರೇ ಐತಿ, ತೆಂಕು ಅವರ ಸಿಟ್ಟಿನ್ಯಾಗೂ ಖರೇ ಐತಿ. ನಾ ಕಲತದ್ದು ಮರಾಠಿ ಶಾಳಿ, ಮನ್ಯಾಗ ಕನ್ನಡ. ಶಿವಾಜಿ ಮಹಾರಾಜರ ಜಯಂತಿಗೆ ಭಾಷಣಾ ಮಾಡಿ ಬಕ್ಷೀಸು ತಗೊಂಡೀನಿ, ಊರ ಜಾತ್ರ್ಯಾಗ ಕನ್ನಡದಾಗ ಭಜನಿ ಹಾಡೀನಿ. ನನಗ ಎಂದೂ ಎರಡು ಮನಿ ಅನಿಸಿಲ್ಲ. ಆದ್ರ ಫಾರ್ಮ್ ತುಂಬೂ ಮುಂದ, ಯಾವ ರಾಜ್ಯ, ಯಾವ ಭಾಷಾ ಅಂತ ಕೇಳಿ, ಒಂದ ಬರೀರಿ ಅಂತಾರಲ್ಲ, ಅವಾಗ ಥಿಯಾನ್ ನೆನಪಾಗ್ತಾನ. ಕೇಳಾಂವಂದ ತಪ್ಪು, ಹೇಳಾಂವಂದಲ್ಲ.

ಮಂಜೇಶ್ವರ ಲೋಕಲ್
ಅದೇ ನಾನು ಹೇಳಿದ್ದು ಮಾರಾಯ್ರೆ. ಕೋಟೆ ಹಿಡಿಯಲಿಕ್ಕೆ ಹೇಳಿದ್ದಲ್ಲ.

ಅಕ್ಕಲಕೋಟ ಗಾಡಿ
ಕೋಟಿ ಅಂದ್ರ ನಿಮ್ಮ ಕಡೆ ಬೇಕಲ ಕೋಟಿ ಐತಲ್ರಿ, ಕೆಳದಿ ಶಿವಪ್ಪನಾಯಕನ ಕಾಲದ್ದು. ಅದೇ ಮನಿತನದ ಚೆನ್ನಮ್ಮ ಶಿವಾಜಿ ಮಗಾ ರಾಜಾರಾಮಗ ಆಸರಾ ಕೊಟ್ಲು. ಔರಂಗಜೇಬನ ದಂಡು ಬೆನ್ನ ಹತ್ತಿತ್ತು, ಆದ್ರೂ ಮನಿಗೆ ಬಂದಾಂವನ್ನ ಬಿಟ್ಟ ಕೊಡಲಿಲ್ಲ. ಮರ್ಯಾದಿ ಅಂದ್ರ ಅದು. ಮಾರ್ಟಿನ್ ಪುಸ್ತಕದಾಗ ಅಂಥ ಒಬ್ಬ ರಾಜಾ ತೋರಸ್ರಿ ನೋಡೂಣು.

ಹೊಸೂರು ಬಸ್ಸು
ಎಲ್ಲಿಂದ ಎಲ್ಲಿಗೆ ಬಂತಪ್ಪ ಮಾತು.

ಅಕ್ಕಲಕೋಟ ಗಾಡಿ
ಬರ್ತೈತಿ. ನಾವು ಗಡಿ ಮಂದಿ.

ಬದಿಯಡ್ಕ ಬೊಂಡ
ಇಷ್ಟು ಹೊತ್ತು ಓದಿದೆ. ಕರ್ಣ, ಕುಂಭಕರ್ಣ, ಶಾನುಭಾಗರು, ಮಾವ, ಷಡ್ಕ, ಎಲ್ಲ ಬಂದರು. ಈ ಪುಸ್ತಕದಲ್ಲಿ ನಿಷ್ಠೆಯ ಬಗ್ಗೆ ಎಲ್ಲರಿಗಿಂತ ಸ್ಪಷ್ಟ ಇರುವುದು ರೆನ್ಲಿಯ ಕಾವಲಿಗಿದ್ದ ಬ್ರಿಯೆನ್‌ಗೆ, ಅವಳ ಹೆಸರು ಒಬ್ಬರ ಬಾಯಲ್ಲೂ ಇಲ್ಲ!

ರೆನ್ಲಿ ಅವಳ ಕಣ್ಣೆದುರೇ ಸ್ಟ್ಯಾನಿಸ್ ಕಡೆಯ ಮಾಟದ ನೆರಳಿನ ಕೈಯಿಂದ ಸತ್ತ. ಕೊಂದವಳು ಇವಳೇ ಅಂತ ಜನ ನಂಬಿದರು. ಆಮೇಲೆ ಅವಳು ರಾಬ್‌ನ ಅಮ್ಮ ಕ್ಯಾಟಲಿನ್‌ಗೆ ಆಣೆ ಹಾಕುತ್ತಾಳೆ. ಆದರೆ ಸುಮ್ಮನೆ ಕಾಲಿಗೆ ಬೀಳುವುದಿಲ್ಲ. ಒಂದು ಷರತ್ತು ಇಡುತ್ತಾಳೆ: ಸ್ಟ್ಯಾನಿಸ್‌ನನ್ನು ಕೊಲ್ಲುವ ಹೊತ್ತು ಬಂದರೆ ನನ್ನನ್ನು ತಡೆಯಬಾರದು. ಕ್ಯಾಟಲಿನ್ ಒಪ್ಪುತ್ತಾಳೆ, ತಿರುಗಿ ತಾನೂ ಆಣೆ ಹಾಕುತ್ತಾಳೆ: ನನ್ನ ಒಲೆಯ ಹತ್ತಿರ ನಿನಗೆ ಜಾಗ ಇರುತ್ತದೆ, ನಿನ್ನ ಮರ್ಯಾದೆ ಹೋಗುವಂಥ ಕೆಲಸ ನಿನಗೆ ಹೇಳುವುದಿಲ್ಲ. ಕೊಡುವವಳಿಗೂ ಕಟ್ಟು ಉಂಟು, ತೆಗೆದುಕೊಳ್ಳುವವಳಿಗೂ ಕಟ್ಟು ಉಂಟು. ಈ ಎರಡನೇ ಭಾಗ ಗಂಡಸರು ಯಾರಿಗೂ ನೆನಪಿರುವುದಿಲ್ಲ.

ಈಗ ನೆರಳಣ್ಣನ ಪ್ರಶ್ನೆಗೆ ಬನ್ನಿ. ಥಿಯಾನ್‌ಗೆ ಸ್ಟಾರ್ಕ್ ಮನೆಯವರು ಯಾವತ್ತಾದರೂ ಆಣೆ ಹಾಕಿದ್ದರಾ? ಇಲ್ಲ. ಅಪ್ಪ ಹಾಕಿದ್ದನಾ? ಅದೂ ಇಲ್ಲ. ಅವನಿಗೆ ಯಾರೂ ಏನೂ ಬಾಕಿ ಇರಲಿಲ್ಲ, ಎಲ್ಲರಿಗೂ ಅವನೇ ಬಾಕಿ. ಹಾಗಾಗಿ ಸ್ಟಾರ್ಕ್ ಮನೆಗೆ ದ್ರೋಹ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ರಾಬ್ ಒಬ್ಬನಿಗೆ ಮಾಡಿದ್ದು ದ್ರೋಹ. ಆ ಹುಡುಗ ಇವನನ್ನು ಒತ್ತೆಯಾಳು ಅಂತ ನೋಡಲೇ ಇಲ್ಲ. ಅಮ್ಮ ಬೇಡ ಅಂದರೂ ನಂಬಿ ಕಳಿಸಿದ.

ಪೆರ್ಲದ ಮೇಷ್ಟ್ರು
ಬೊಂಡ ಅವರು ಬಹಳ ಚೆನ್ನಾಗಿ ಹೇಳಿದರು. ಎರಡೂ ಕಡೆಯ ಕಟ್ಟು ನಮ್ಮ ಹಳೆಯ ಕಲ್ಲುಗಳಲ್ಲೂ ಉಂಟು. ಮಂಡ್ಯ ಜಿಲ್ಲೆಯ ಆತಕೂರು ಶಾಸನ, ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲರ ಪರಾಕ್ರಮ ತೋರಿಸಿದ. ಮೆಚ್ಚಿದೆ, ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಆಳು ಒಡೆಯನಿಗಾಗಿ ಕಾದಿದ, ಒಡೆಯ ಕೇಳಿದ್ದು ಕೊಟ್ಟ, ಆಳು ತನ್ನ ನಾಯಿಯನ್ನೂ ಮರೆಯಲಿಲ್ಲ. ಸರಪಣಿ ಎಲ್ಲೂ ಕಡಿಯಲಿಲ್ಲ.

ಇನ್ನೊಂದು ತುದಿ ಹಳೇಬೀಡಿನ ಗರುಡಗಂಬ. ಎರಡನೇ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರಲಕ್ಷ್ಮ ದಂಡನಾಯಕ, ಅವನ ಹೆಂಡತಿ, ಅವನ ಕಡೆಯ ವೀರರು ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆ ತಾವೇ ಅರಿದುಕೊಳ್ಳುವವರನ್ನು ಕೆತ್ತಿದ್ದಾರೆ.

ಹೊಸೂರು ಬಸ್ಸು
ಆ ಕಂಬ ಸ್ಕೂಲ್ ಟ್ರಿಪ್‌ನಲ್ಲಿ ನೋಡಿದೀನಿ ಮೇಷ್ಟ್ರೇ. ಗೈಡು ಹೆಮ್ಮೆಯಿಂದ ಹೇಳ್ತಿದ್ದ, ನಂಗೆ ಭಯ ಆಯ್ತು. ರಾಜ ಸತ್ರೆ ಹೆಂಡತಿ ಯಾಕೆ ಸಾಯಬೇಕು? ಅವಳನ್ನ ಯಾರಾದ್ರೂ ಕೇಳಿದ್ರಾ?

ಬದಿಯಡ್ಕ ಬೊಂಡ
ಬಸ್ಸಣ್ಣನಿಗೆ ನನ್ನದೊಂದು ಮತ.

ಪೆರ್ಲದ ಮೇಷ್ಟ್ರು
ಅದು ಆ ಕಾಲದ ವ್ರತ. ಇಂದಿನ ಅಳತೆಗೋಲಿನಿಂದ ಅಳೆದರೆ ಏನೂ ಉಳಿಯುವುದಿಲ್ಲ.

ಬದಿಯಡ್ಕ ಬೊಂಡ
ಉಳಿಯದಿದ್ದರೆ ಬೇಡ ಬಿಡಿ ಮೇಷ್ಟ್ರೇ. ಮಾರ್ಟಿನ್ ಕೂಡ ಅದನ್ನೇ ಕೇಳುತ್ತಿರುವುದಲ್ಲವಾ? ಸೆರೆಮನೆಯಲ್ಲಿ, ಹಿಂದೆ ತಾನು ಕಾಯಬೇಕಿದ್ದ ರಾಜನನ್ನೇ ಕೊಂದ ಜೇಮಿ ಕ್ಯಾಟಲಿನ್‌ಗೆ ಹೇಳುವ ಮಾತು ನೋಡಿ. ರಾಜನನ್ನು ಕಾಪಾಡು, ರಾಜ ಹೇಳಿದಂತೆ ಕೇಳು, ಅಪ್ಪನ ಮಾತು ಮೀರಬೇಡ, ಅನಾಥರನ್ನು ರಕ್ಷಿಸು, ಎಲ್ಲಕ್ಕೂ ಆಣೆ. ರಾಜನೇ ಅನಾಥರನ್ನು ಕೊಲ್ಲಿಸಿದರೆ, ಅಪ್ಪನೇ ರಾಜನ ಮೇಲೆ ಬಿದ್ದರೆ ಯಾವ ಆಣೆ ಇಟ್ಟುಕೊಳ್ಳುವುದು, ಯಾವುದು ಬಿಡುವುದು? ಅವನು ಕುಡಿದು ಮಾತಾಡುತ್ತಿದ್ದಾನೆ, ಹೀನ ಮನುಷ್ಯ ಬೇರೆ. ಆದರೂ ಉತ್ತರ ಕೊಡಲಿಕ್ಕೆ ಕ್ಯಾಟಲಿನ್‌ಗೆ ಆಗುವುದಿಲ್ಲ.

ತಾಳವಾಡಿ ರಾಗಿ
ಸ್ಟ್ಯಾನಿಸ್ ಕಡೆಯ ದಾವೋಸ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ. ಅವ್ನ ಬೆರಳು ಕತ್ತರಿಸಿದ್ರೂ ಅದೇ ದೊರೆ ಹಿಂದೆ ಓಯ್ತಾನೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರದೆ, ಬರಿಯಲ್ಲ ಬುಡಿ.

ಜತ್ತದ ಜ್ವಾಳ
ಬರೀರಿ ಬರೀರಿ 😄

ಆದ್ರ ನಾ ಒಪ್ಪೂದಿಲ್ಲ. ಕೋಟ್ಯಾಗ ಮಂದಿ ಉಪಾಸ ಸಾಯಾಕತ್ತಿದ್ರು, ಸುತ್ತ ವೈರಿ ಹಡಗಾ. ಇಂವಾ ರಾತ್ರ್ಯಾಗ ಉಳ್ಳಾಗಡ್ಡಿ, ಒಣಾ ಮೀನಾ ತುಂಬಕೊಂಡು ನುಸುಳಿ ಬಂದಾ. ಸ್ಟ್ಯಾನಿಸ್ ಏನ್ ಮಾಡಿದಾ? ನೀ ಮಂದಿ ಜೀವಾ ಉಳಿಸಿದಿ, ತಗೋ ಜಮೀನು, ತಗೋ ಪದವಿ. ನೀ ಇಷ್ಟ ವರ್ಷ ಕಳ್ಳಸಾಗಾಣಿಕಿ ಮಾಡಿದಿ, ಅದಕ್ಕ ಎಡಗೈಯಿನ ನಾಕು ಬಳ್ಳಿನ ತುದಿ ಕೊಡು. ಒಂದರಾಗ ಇನ್ನೊಂದು ವಜಾ ಮಾಡಲಿಲ್ಲ. ದಾವೋಸ್ ಹೇಳಿದ್ದು ಒಂದ ಮಾತು, ಕಡಿಯೂದು ನಿಮ್ಮ ಕೈಲೇ ಆಗಬೇಕು, ಮತ್ತೊಬ್ಬರ ಕೈಲೆ ಬ್ಯಾಡ. ದೊರಿ ತಾನ ಕತ್ತಿ ಹಿಡದಾ. ಇವತ್ತಿನ ಯಾವ ಸಾಹೇಬ ಹಿಡೀತಾನ್ರೀ? ಗುಮಾಸ್ತನ ಕಡಿಂದ ನೋಟೀಸ ಕಳಸ್ತಾನ.

ಮಧೂರು ಅಪ್ಪ
ಆ ಬೆರಳೆಲುಬು ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡು ತಿರುಗುವುದು ಮಾತ್ರ ಅತಿಯಾಯಿತು. ಅದೃಷ್ಟ ಅಂತೆ.

ತಾಳವಾಡಿ ರಾಗಿ
ಸೀರಿಯಲ್‌ನಲ್ಲಿ ಬಲಗೈ ಅಲ್ವಾ?

ಆದೋನಿ ಹತ್ತಿ
ಸೀರಿಯಲ್‌ನಲ್ಲಿ ಬಲಗೈ, ಪುಸ್ತಕದಲ್ಲಿ ಎಡಗೈ. ಸೀರಿಯಲ್ ನೋಡಿ ಇಲ್ಲಿ ವಾದಕ್ಕೆ ಬರಬೇಡಿ ಅಂತ ಎಷ್ಟು ಸಲ ಹೇಳಬೇಕೋ. ಅದರಲ್ಲಿ ನೆಡ್ ಮಗಳು ಆರ್ಯ ನೀರು ಬಗ್ಗಿಸಿಕೊಡೋದು ಟೈವಿನ್‌ಗೆ, ಪುಸ್ತಕದಲ್ಲಿ ರೂಸ್ ಬೋಲ್ಟನ್‌ಗೆ. ನದಿಗೆ ಅಡ್ಡ ಎತ್ತೋ ಟಿರಿಯನ್‌ನ ಸರಪಳಿ ಸೀರಿಯಲ್‌ನಲ್ಲಿ ಇಲ್ಲವೇ ಇಲ್ಲ. ಮೊದಲಿಂದ ಕಮ್ಮಾರರನ್ನ ಕೂರಿಸಿ ಕೊಂಡಿ ಬಡಿಸ್ತಾನೆ, ಯಾಕೆ ಅಂತ ಯುದ್ಧದ ದಿನದ ತನಕ ಬಾಯಿ ಬಿಡಲ್ಲ. ಸ್ಟ್ಯಾನಿಸ್ ಹಡಗೆಲ್ಲ ಒಳಗೆ ಬಂದ ಮೇಲೆ ಸರಪಳಿ ಎತ್ತಿಸ್ತಾನೆ. ಹಿಂದೆ ಹೋಗೋಕೆ ದಾರಿ ಇಲ್ಲ, ನೀರಿನ ಮೇಲೆ ಹಸಿರು ಬೆಂಕಿ. ಅದನ್ನ ನಾವು ನೋಡೋದು ಮುಳುಗ್ತಿರೋ ದಾವೋಸ್‌ನ ಕಣ್ಣಲ್ಲಿ. ಅವನಿಗೆ ಇರೋದು ಬರೀ 3 ಅಧ್ಯಾಯ, ಆದ್ರೂ ಪುಸ್ತಕ ಮುಚ್ಚಿದ ಮೇಲೆ ನೆನಪಿರೋದು ಅವನೇ.

ಮಂಜೇಶ್ವರ ಲೋಕಲ್
ಗೋಡೆಯ ಕಾವಲಿನ ಕ್ವೋರಿನ್‌ನನ್ನು ಬಿಟ್ಟಿರಿ. ನೆಡ್‌ನ ಮದುವೆಯಾಚೆಯ ಮಗ ಜಾನ್ ಸ್ನೋಗೆ ಹೇಳುತ್ತಾನೆ: ಶತ್ರುಗಳ ಜೊತೆ ಸೇರು, ಅವರು ಏನು ಮಾಡಲು ಹೇಳಿದರೂ ಮಾಡು, ಹಿಂಜರಿಯಬೇಡ. ಅವರು ಹೇಳಿದ್ದು ಕ್ವೋರಿನ್‌ನನ್ನೇ ಕೊಲ್ಲು ಅಂತ. ನಿಷ್ಠನಾಗಿರಲು ದ್ರೋಹಿಯ ಹಾಗೆ ಕಾಣಬೇಕು, ಅದನ್ನು ಗೊತ್ತಿದ್ದ ಒಬ್ಬನೇ ಸಾಕ್ಷಿಯನ್ನು ಕೈಯಾರೆ ಕೊಲ್ಲಬೇಕು. ಥಿಯಾನ್, ಜಾನ್ ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಇಬ್ಬರೂ ಆ ಮನೆಗೆ ಪೂರ್ತಿ ಸೇರದವರು. ಹೊರಗಿನವನ ಕಣ್ಣಿಗೆ ಪುಸ್ತಕದ ಕೊನೆಗೆ ಇಬ್ಬರೂ ದ್ರೋಹಿಗಳೇ.

ನೀರ್ಚಾಲು ನೆರಳು
ಇದು ನನಗೆ ಹೊಳೆದೇ ಇರಲಿಲ್ಲ. ತಂಗಿಗೆ ಓದಿ ಹೇಳಿದೆ. ಜಾನ್‌ಗೆ ಒಬ್ಬ ಹೇಳಿ ಮಾಡಿಸಿದ, ಥಿಯಾನ್ ತಾನಾಗಿ ಮಾಡಿದ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದಳು. ಅವಳು ಸೋಲುವ ಜನ ಅಲ್ಲ.

ಅಂದಹಾಗೆ ಮೂರನೇ ಪುಸ್ತಕ ತರಿಸಬೇಕು. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಪಿಎಸ್‌ಸಿ ಗೈಡು ತೋರಿಸುತ್ತಾರೆ.

ಹೊಸೂರು ಬಸ್ಸು
‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’, 2000ದ್ದು. ನಮ್ಮಲ್ಲಿ ಸಿಗೋ ಪೇಪರ್‌ಬ್ಯಾಕ್ ಎರಡು ಭಾಗ, ‘ಸ್ಟೀಲ್ ಅಂಡ್ ಸ್ನೋ’ ಮೊದಲನೇದು, ‘ಬ್ಲಡ್ ಅಂಡ್ ಗೋಲ್ಡ್’ ಎರಡನೇದು. ಬೆನ್ನ ಮೇಲೆ ನೋಡಿ ಆರ್ಡರ್ ಮಾಡಿ. ಎರಡೂ ಒಟ್ಟಿಗೆ ತರಿಸಿ, ಮೊದಲನೇದು ಮುಗಿದ ರಾತ್ರಿ ನಿದ್ದೆ ಬರಲ್ಲ.

ಅಕ್ಕಲಕೋಟ ಗಾಡಿ
ಮದವಿ ಅಧ್ಯಾಯ ಬಂದಾಗ ಊಟ ಮಾಡಿ ಕೂಡ್ರಿ. ಆಮ್ಯಾಲ ಊಟ ಸೇರೂದಿಲ್ಲ.

ಬದಿಯಡ್ಕ ಬೊಂಡ
ಗಾಡಿ ಅಣ್ಣಾ!! ದಮ್ಮಯ್ಯ ಅಂತ ಮೊದಲೇ ಹೇಳಿದ್ದರಲ್ಲ!

ಅಕ್ಕಲಕೋಟ ಗಾಡಿ
ಮದವಿ ಅಂದೆ ಅಷ್ಟ. ಯಾರದ್ದು ಅಂದನೇನು?

ನೀರ್ಚಾಲು ನೆರಳು
ಇನ್ನು ಪ್ರತಿ ಮದುವೆಗೂ ನಾನು ಹೆದರಬೇಕು. ಉಪಕಾರ ಆಯ್ತು ಮಾರಾಯ್ರೆ.

ಪೆರ್ಲದ ಮೇಷ್ಟ್ರು
ಒಂದು ಸೂಚನೆ. ಆಟಿಯಲ್ಲಿ ಮೇಳಗಳಿಗೆ ಹೇಗೂ ರಜೆ, ತಾಳಮದ್ದಳೆಯ ಕಾಲ. ಒಂದು ಶನಿವಾರ ರಾತ್ರಿ ಫೋನಿನಲ್ಲೇ ಕೂಟ ಇಡುವ. ಪ್ರಸಂಗ: ವಿಂಟರ್‌ಫೆಲ್ ಗ್ರಹಣ. ಪಾತ್ರ ನಾಲ್ಕು ಸಾಕು, ಬೇಲನ್, ಥಿಯಾನ್, ಲುವಿನ್, ರಾಡ್ರಿಕ್. ಬರೆದು ಓದುವ ಹಾಗಿಲ್ಲ, ಬಾಯಿಯಲ್ಲೇ ಬರಬೇಕು. ಲುವಿನ್ ನಾನು ಹೇಳುತ್ತೇನೆ.

ಚಂದ್ರಗಿರಿ ತೆಂಕು
ಲುವಿನ್ ನನಗೆ ಬೇಕಿತ್ತು. ಸರಿ, ಹಿರಿಯರು, ಬಿಟ್ಟೆ. ಬೇಲನ್ ಆಗುತ್ತೇನೆ.

ನೀರ್ಚಾಲು ನೆರಳು
ತಂಗಿ ರಾಡ್ರಿಕ್ ಅಂತೆ. ಈಗಲೇ ಕೂಗಾಡಲು ಸುರು ಮಾಡಿದ್ದಾಳೆ. ಥಿಯಾನ್‌ನ ಪರ ಇಷ್ಟು ಮಾತಾಡಿದ್ದಕ್ಕೆ ಆ ಪಾತ್ರ ನನ್ನ ತಲೆಗೆ ಕಟ್ಟಬೇಡಿ, ಮನೆಯಲ್ಲಿ ಅವಳ ಎದುರು ನನಗೆ ಬಾಯಿ ಬರುವುದಿಲ್ಲ.

ಮಧೂರು ಅಪ್ಪ
ನಾನು ಸಭಿಕ. ಬೈಯಲಿಕ್ಕೆ ಒಬ್ಬ ಬೇಕಲ್ಲ.

ಜತ್ತದ ಜ್ವಾಳ
ಥಿಯಾನ್ ನನಗ ಕೊಡ್ರಿ. ತಾಳಮದ್ದಳಿ ನಾ ಎಂದೂ ಮಾಡಿಲ್ಲ, ನಮ್ಮ ಕಡೆ ಪಾರಿಜಾತ, ದೊಡ್ಡಾಟ. ಆದ್ರ ವಾದಾ ಬರ್ತೈತಿ. ಒಂದ್ ಷರತ್ತು, ನಾ ನಮ್ಮ ಭಾಷಾದಾಗ ಮಾತಾಡಾಂವ, ಪುಸ್ತಕದ ಕನ್ನಡ ಕೇಳಬ್ಯಾಡ್ರಿ.

ಪೆರ್ಲದ ಮೇಷ್ಟ್ರು
ಷರತ್ತು ಒಪ್ಪಿದೆ. ಭಾಗವತಿಕೆಗೆ ಯಾರು?

ತಾಳವಾಡಿ ರಾಗಿ
ನಾನು ಮಾದಪ್ಪನ ಪದ ಹೇಳ್ತೀನಿ, ನಡೆದದಾ?

ಪೆರ್ಲದ ಮೇಷ್ಟ್ರು
ತಾಳ ಇದ್ದರೆ ನಡೆಯುತ್ತದೆ. ಪುಸ್ತಕ ಅರ್ಧಕ್ಕೆ ನಿಲ್ಲಿಸಿದ್ದೀರಲ್ಲ, ಮೊದಲು ಮುಗಿಸಿ ಬನ್ನಿ.